ಜಂಬೂರಿನಲ್ಲಿ ಮನೆ, ಮುಕ್ಕೋಡ್ಲುವಿನಲ್ಲಿ ಗದ್ದೆ

ಗುರುವಾರ

ಕುಶಾಲನಗರ ದಾಟಿ ಬಸ್ಸು ಏರು ಹತ್ತುತ್ತಿದ್ದಂತೆ ಗಾಳಿಯಲ್ಲಿ ಕಾಫಿ ಸಿಪ್ಪೆಯ ಹುಳಿ ವಾಸನೆ. ಅರೇಬಿಕಾ ಕೊಯ್ಲು ಜೋರಾಗಿ ನಡೆದಿತ್ತು. ಸುಂಟಿಕೊಪ್ಪದಲ್ಲಿ ಇಳಿದರೆ ಅಂಗಡಿ ಮುಂದೆ ನಿಂತವರ ಬಾಯಲ್ಲಿ ಎರಡೇ ಮಾತು. ಕಾಫಿಗೆ ಹಿಂದೆಂದೂ ಕಾಣದ ದರ ಬಂದಿದೆ. ಆದರೆ 2024ರ ಡಿಸೆಂಬರ್ ಹುಟ್ಟುತ್ತಲೇ ಫೆಂಗಲ್ ಚಂಡಮಾರುತದ ಮಳೆ ಸುರಿದು ಕಣದಲ್ಲಿ ಹರಡಿದ್ದ ಹಣ್ಣು ನೆನೆದುಹೋಗಿದೆ. ನನ್ನನ್ನು ಕರೆದೊಯ್ಯಲು ಜೀಪು ತಂದಿದ್ದ ಗೆಳತಿಯ ಅಣ್ಣನೂ ಅದನ್ನೇ ಹೇಳುತ್ತ ಗೇರು ಬದಲಿಸಿದರು. "ಮಳೆ ಅಂದ್ರೆ ಈಗ ಕಾಫಿ ಚಿಂತೆ ಮಾತ್ರ ಮಾಡ್ತೇವೆ ನೋಡಿ. ಅದೇ ದೊಡ್ಡ ಸಂಗತಿ."

ಆ ಮಾತಿನ ತೂಕ ಅರ್ಥವಾಗಬೇಕಾದರೆ 2018ರ ಆಗಸ್ಟಿಗೆ ಹೋಗಬೇಕು. ಆ ವರ್ಷ ಜೂನ್, ಜುಲೈ ಎರಡೂ ತಿಂಗಳು ಮಳೆ ಬಿಡದೆ ಹುಯ್ದು ಕೊಡಗಿನ ಬೆಟ್ಟಗಳು ನೀರುಂಡು ಕೂತಿದ್ದವು. ಸ್ವಾತಂತ್ರ್ಯ ದಿನದ ಆಸುಪಾಸಿನ ಮೂರು ದಿನಗಳಲ್ಲಿ ಮಡಿಕೇರಿ, ಸೋಮವಾರಪೇಟೆ ತಾಲ್ಲೂಕುಗಳ ಬೆಟ್ಟಸಾಲು ಒಂದಾದ ಮೇಲೊಂದು ಜಾರಿತು. ಮಡಿಕೇರಿಯಲ್ಲಿ ಒಂದೇ ದಿನ 300 ಮಿಲಿಮೀಟರಿನಷ್ಟು ಮಳೆ. ಮಕ್ಕಂದೂರು, ಉದಯಗಿರಿ, ಮುಕ್ಕೋಡ್ಲು, ಹಟ್ಟಿಹೊಳೆ, ಕಾಲೂರು, ಹೆಬ್ಬೆಟ್ಟಗೇರಿ, ಮೊಣ್ಣಂಗೇರಿ, ಜೋಡುಪಾಲ. ಅಲ್ಲಿಯವರೆಗೆ ಜಿಲ್ಲೆಯ ಹೊರಗೆ ಹೆಚ್ಚಿನವರು ಕೇಳಿರದ ಈ ಹೆಸರುಗಳು ಒಂದು ವಾರ ನಾಡಿನ ಎಲ್ಲ ಮನೆಗಳ ಟಿವಿಯಲ್ಲಿ ಓಡಿದವು. ಸುಮಾರು 20 ಜೀವಗಳು ಹೋದವು, ಸಾವಿರಾರು ಜನ ಪರಿಹಾರ ಕೇಂದ್ರ ಸೇರಿದರು. ಪಕ್ಕದ ಕೇರಳ ಅದೇ ದಿನಗಳಲ್ಲಿ ಮುಳುಗಿತ್ತು. ನನ್ನ ಗೆಳತಿಯ ಮನೆ ಹೋಗಿದ್ದು ಮುಕ್ಕೋಡ್ಲು ಕಡೆಯ ಒಂದು ಇಳಿಜಾರಿನಲ್ಲಿ. ಮನೆಯ ಜೊತೆ ಒಂದೂವರೆ ಎಕರೆ ಕಾಫಿ, ಕೊಟ್ಟಿಗೆ, ಎರಡು ಹಸು.

ಈಗ ಅವಳ ಅಮ್ಮ, ಅಣ್ಣ, ಅತ್ತಿಗೆ ಜಂಬೂರಿನಲ್ಲಿದ್ದಾರೆ. ಮಾದಾಪುರದ ಹತ್ತಿರ ಸಮತಟ್ಟು ಮಾಡಿದ ಜಾಗದಲ್ಲಿ ಸಾಲುಸಾಲು ಮನೆ. 2020ರ ಜೂನಿನಲ್ಲಿ ಇಲ್ಲಿಯೂ ಮದೆನಾಡಿನಲ್ಲಿಯೂ ಸೇರಿ 463 ಮನೆಗಳ ಕೀಲಿ ಕೊಟ್ಟರು. ಕೊರೊನಾ ಕಾಲ, ಬಾಗಿಲಿಗೆ ತೋರಣ ಕಟ್ಟಿದರೂ ನೆಂಟರನ್ನು ಕರೆಯುವಂತಿರಲಿಲ್ಲ. ಒಂದೇ ಅಚ್ಚಿನ ಮನೆಗಳು: ಹಜಾರ, ಎರಡು ಕೋಣೆ, ಅಡುಗೆಮನೆ. ಆದರೆ ಈ ನಾಲ್ಕೂವರೆ ವರ್ಷದಲ್ಲಿ ಯಾವ ಎರಡು ಮನೆಯೂ ಒಂದೇ ಥರ ಉಳಿದಿಲ್ಲ. ಒಬ್ಬರು ಮುಂದೆ ಶೀಟು ಇಳಿಸಿ ಜಗಲಿ ಮಾಡಿದ್ದಾರೆ, ಇನ್ನೊಬ್ಬರು ಹಿಂದೆ ಸೌದೆ ಒಲೆಗೊಂದು ಮಾಡು ಕಟ್ಟಿದ್ದಾರೆ, ಕಾಂಪೌಂಡೇ ಇಲ್ಲದ ಕಡೆ ದಾಸವಾಳದ ಬೇಲಿ. ಗೆಳತಿಯ ಅಮ್ಮ ಅಂಗಳದ ಮೂಲೆಯಲ್ಲಿ ಹತ್ತು ಕಾಫಿ ಗಿಡ ಹಾಕಿ ಒಂದು ಪಾಲವಾನದ ಮರಕ್ಕೆ ಕರಿಮೆಣಸಿನ ಬಳ್ಳಿ ಹಬ್ಬಿಸಿದ್ದಾರೆ. ಬಳ್ಳಿಯ ಕಡ್ಡಿ ತಂದಿದ್ದು ಹಳೆಯ ತೋಟದಿಂದ, ಜಾರದೆ ಉಳಿದ ಪಾಲಿನಿಂದ.

ಸಂಜೆ ಅವರು ಹೇಳಿದ ಕಥೆಯಲ್ಲಿ ಮಣ್ಣಿಗಿಂತ ಮನುಷ್ಯರೇ ಹೆಚ್ಚು. ಬೆಳಗಿನ ಜಾವ ಮನೆಯ ಹಿಂದಿನ ಬರೆಯಿಂದ, ಕಡಿದಾದ ಮಣ್ಣಿನ ದಿಬ್ಬದಿಂದ, ಹೊಸದಾಗಿ ನೀರು ಉಕ್ಕತೊಡಗಿತ್ತು. ಮೊದಲು ತಿಳಿ, ಆಮೇಲೆ ಕೆಂಪು. ಅದನ್ನು ನೋಡಿ ಮೇಲಿನ ಮನೆಯ ಹುಡುಗರು ಓಡಿಬಂದು, ಒಲೆಯ ಮೇಲಿದ್ದ ಹಾಲನ್ನು ಇಳಿಸಲೂ ಬಿಡದೆ ಎಲ್ಲರನ್ನೂ ಎಬ್ಬಿಸಿಕೊಂಡು ಬೆಟ್ಟದ ಏಣಿನ ಮೇಲಿದ್ದ ದೊಡ್ಡ ಮನೆಗೆ ಹೊರಟರು. ನಡೆಯಲಾರದ ಅಜ್ಜಿಯೊಬ್ಬರನ್ನು ಕಂಬಳಿಗೆ ಎರಡು ಬಿದಿರು ಕಟ್ಟಿ ಹೊತ್ತರು. ದೊಡ್ಡ ಮನೆಯಲ್ಲಿ ಆ ರಾತ್ರಿ ಕೊಡವರು, ಅರೆಭಾಷೆ ಗೌಡರು, ಲೈನ್ ಮನೆಯ ತಮಿಳು ಕೂಲಿಯವರು, ಮೀನು ಮಾರಲು ಬಂದು ಸಿಕ್ಕಿಬಿದ್ದಿದ್ದ ಮಾಪಿಳ್ಳೆ ಹುಡುಗ, ಎಲ್ಲರೂ ಒಂದೇ ಹಂಡೆಯ ಗಂಜಿ ಕುಡಿದರು. ಮೂರನೆಯ ದಿನ ಸೈನಿಕರು ಹಗ್ಗ ಕಟ್ಟಿ ಹಳ್ಳ ದಾಟಿಸಿದರು. ಸೈನಿಕರನ್ನು ಕೊಟ್ಟ ಊರಿಗೆ ಸೈನಿಕರೇ ಬಂದರು ಎಂದು ಅಮ್ಮ ಎರಡು ಸಲ ಹೇಳಿದರು. ಅವರ ಮಾವ ಸೇನೆಯಲ್ಲಿ ಸುಬೇದಾರರಾಗಿದ್ದವರು.

"ಇಲ್ಲಿ ಬಂದ ಮೊದಲ ವರ್ಷ ನನಗೆ ನಿದ್ದೆಯೇ ಇಲ್ಲ. ಮಳೆಗೆ ಹೆದರಿ ಅಲ್ಲ. ಪಕ್ಕದ ಮನೆಯ ಮಾತು ಗೋಡೆಯಾಚೆ ಕೇಳುತ್ತದಲ್ಲ, ಅದಕ್ಕೆ," ಎಂದರು. ಕೊಡಗಿನ ಮನೆಗಳು ಒಂದಕ್ಕೊಂದು ಅಂಟಿಕೊಂಡಿರುವುದಿಲ್ಲ. ಒಂದು ತೋಟ, ಅದರ ನಡುವೆ ಒಂದು ಮನೆ. ನೆರೆಮನೆ ಅಂದರೆ ಕೂಗು ಹಾಕುವಷ್ಟು ದೂರ. ಹಾಗೆ ತಲೆಮಾರುಗಟ್ಟಲೆ ಬದುಕಿದವರನ್ನು ತಂದು ಬಡಾವಣೆಯ ಸಾಲಿನಲ್ಲಿ ಕೂರಿಸಿದರೆ ಏನಾಗುತ್ತದೆ ಎಂದು ಮನೆ ಕಟ್ಟಿದವರು ಯೋಚಿಸಿರಲಿಕ್ಕಿಲ್ಲ. ಅದನ್ನು ದೂರಾಗಿ ಹೇಳುತ್ತಿಲ್ಲ; ತಲೆಯ ಮೇಲೆ ಸೂರು ಬೇಕಿತ್ತು, ಸೂರು ಸಿಕ್ಕಿತು. ಆದರೆ ಊರು ಬೇರೆ, ಅದನ್ನು ಈ ಜನ ತಾವೇ ಕಟ್ಟಿಕೊಂಡರು. ಯಾರ ಮನೆಯಲ್ಲಿ ಸಾವಾದರೂ ಸಾಲಿನ ಎಲ್ಲರೂ ಅಕ್ಕಿ ಒಯ್ಯುವುದು, ಕೆಲಸಕ್ಕೆ ಹೋದವರ ಮಕ್ಕಳಿಗೆ ಮಧ್ಯಾಹ್ನ ಯಾವ ಮನೆಯಲ್ಲಾದರೂ ಊಟ ಎಂಬ ನೇಮ. ಇವು ಯಾವ ಕಡತದಲ್ಲೂ ಇಲ್ಲ. ಶುರುಮಾಡಿದವರು ಪರಿಹಾರ ಕೇಂದ್ರದಲ್ಲಿ ಒಟ್ಟಿಗೆ ಅಡುಗೆ ಮಾಡಿದ್ದ ಏಳೆಂಟು ಹೆಂಗಸರು.

ಶುಕ್ರವಾರ

ಬೆಳಗ್ಗೆ ಮಡಿಕೇರಿಗೆ ಹೋಗಿ ಅಲ್ಲಿಂದ ಮಂಗಳೂರು ರಸ್ತೆ ಹಿಡಿದೆವು. ಮದೆನಾಡಿನ ಬಡಾವಣೆ ಚಿಕ್ಕದು, ಜಂಬೂರಿಗಿಂತ ತಂಪು. ಅಲ್ಲಿ ಹೆಚ್ಚು ಹೊತ್ತು ನಿಲ್ಲಲಿಲ್ಲ. ಜೋಡುಪಾಲದವರೆಗಿನ ತಿರುವುಗಳಲ್ಲಿ ಒಂದು ಕಡೆ ಕಾಂಕ್ರೀಟ್ ತಡೆಗೋಡೆ, ಇನ್ನೊಂದು ಕಡೆ ತಂತಿಬಲೆಯಲ್ಲಿ ಕಲ್ಲು ತುಂಬಿ ಪೇರಿಸಿದ ಕಟ್ಟೆ. ನಡುವೆ ಕಾಡು ಮತ್ತೆ ಹಬ್ಬಿ, ಜಾರಿದ ಜಾಗ ಯಾವುದೆಂದು ಹುಡುಕಬೇಕಾಗಿದೆ. 2018ರಲ್ಲಿ ಈ ಹೆದ್ದಾರಿ ವಾರಗಟ್ಟಲೆ ಮುಚ್ಚಿತ್ತು. ಜೋಡುಪಾಲದ ಜನ ಮೇಲಕ್ಕೆ ಮಡಿಕೇರಿಗೆ ಬರಲಾರದೆ ಕೆಳಗೆ ಸಂಪಾಜೆ, ಕಲ್ಲುಗುಂಡಿ, ಅರಂತೋಡಿನ ಕೇಂದ್ರಗಳಿಗೆ ಇಳಿದರು. ಜಿಲ್ಲೆಯ ಗಡಿ ಆ ದಿನ ಯಾರಿಗೂ ನೆನಪಿರಲಿಲ್ಲ.

ರಸ್ತೆ ಬದಿಯ ಚಹಾ ಅಂಗಡಿಯ ಮಾಲೀಕರು ನಮಗೆ ಬೆಟ್ಟ ತೋರಿಸಿ ವಿವರಿಸಿದರು. ಅವರ ವಿವರಣೆ ನಾನು ಆ ಬಗ್ಗೆ ಓದಿದ್ದ ಎಲ್ಲಕ್ಕಿಂತ ಚೆನ್ನಾಗಿತ್ತು. ಅಡಿಯಲ್ಲಿ ಗಟ್ಟಿ ಬಂಡೆ. ಅದರ ಮೇಲೆ ಸಾವಿರಾರು ವರ್ಷ ಬಿಸಿಲು ಮಳೆಗೆ ಕೊಳೆತ ಕೆಂಪು ಮಣ್ಣು, ಕೆಲವು ಕಡೆ ತೆಂಗಿನ ಮರದಷ್ಟು ಆಳ. ನೀರು ಮಣ್ಣೊಳಗೆ ಇಳಿಯುತ್ತದೆ, ಬಂಡೆಯೊಳಗೆ ಇಳಿಯಲಾರದು. ಸಣ್ಣ ತೊರೆಗಳ ದಾರಿಯಲ್ಲಿ ಹೊರಗೆ ಬರಬೇಕು. ತೊರೆಯ ಬಾಯಿಗೆ ರಸ್ತೆಯ ಮಣ್ಣು ಸುರಿದು, ಮನೆಗೋ ಹೋಂಸ್ಟೇಗೋ ಎಂದು ಬೆಟ್ಟದ ಕಾಲು ಕತ್ತರಿಸಿ, ಇಳಿಜಾರಿನಲ್ಲಿ ಮಟ್ಟಸ ಜಾಗ ಮಾಡಿದರೆ ನೀರು ಒಳಗೇ ತುಂಬಿ ಮಣ್ಣನ್ನು ಬಂಡೆಯಿಂದ ಎತ್ತುತ್ತದೆ. ಆಮೇಲೆ ಮರ, ಬಂಡೆ, ಮನೆ ಎಲ್ಲ ಒಟ್ಟಿಗೆ ಹೊರಡುತ್ತವೆ. ಜನ ಇದನ್ನು ಜಲಸ್ಫೋಟ ಎಂದರು. ಒಳಗಿಂದ ಸಿಡಿದಂತೆಯೇ ಕೇಳಿಸಿತಂತೆ. ಭೂವಿಜ್ಞಾನ ಸರ್ವೇಕ್ಷಣಾ ಇಲಾಖೆಯವರೂ ಅತಿಮಳೆಯ ಜೊತೆಗೆ ಇಳಿಜಾರನ್ನು ಮನಬಂದಂತೆ ಕಡಿದದ್ದನ್ನು ಕಾರಣವೆಂದು ಹೇಳಿದ್ದರು.

ಇಲ್ಲಿಯವರಿಗೆ ಭಯ ಒಂದು ವರ್ಷಕ್ಕೆ ಮುಗಿಯಲಿಲ್ಲ. 2019ರ ಆಗಸ್ಟಿನಲ್ಲಿ ವಿರಾಜಪೇಟೆ ಕಡೆ ತೋರ ಗ್ರಾಮದಲ್ಲಿ ಬೆಟ್ಟ ಕುಸಿಯಿತು, ಕಾವೇರಿ ಉಕ್ಕಿ ನೆಲ್ಲಿಹುದಿಕೇರಿ, ಕರಡಿಗೋಡು ಮುಳುಗಿದವು. 2020ರ ಆಗಸ್ಟಿನಲ್ಲಿ ತಲಕಾವೇರಿಯ ಬ್ರಹ್ಮಗಿರಿ ಜಾರಿ ಅರ್ಚಕರ ಮನೆಯೇ ಮಣ್ಣಾಯಿತು. 2022ರ ಮಳೆಗಾಲದ ಶುರುವಿನಲ್ಲಿ ಚೆಂಬು, ಸಂಪಾಜೆ, ಕರಿಕೆ ಸುತ್ತ ಭೂಮಿ ಮತ್ತೆ ಮತ್ತೆ ಸಣ್ಣಗೆ ಕಂಪಿಸಿತು. ಅಂಗಡಿಯವರ ಹೆಂಡತಿ ಈಗಲೂ ಜೂನಿನಿಂದ ಒಂದು ಚೀಲ ತುಂಬಿಸಿ ಬಾಗಿಲ ಹಿಂದೆ ಇಡುತ್ತಾರೆ. ಅದರಲ್ಲಿ ಆಧಾರ್, ಪಹಣಿ, ಬ್ಯಾಂಕಿನ ಪಾಸ್‌ಬುಕ್, ಮಕ್ಕಳ ಅಂಕಪಟ್ಟಿ, ಬಿಪಿ ಮಾತ್ರೆ. "ಆ ಸಲ ಜೀವ ಉಳಿಯಿತು, ಕಾಗದ ಹೋಯಿತು. ಕಾಗದ ಇಲ್ಲದವನು ಬದುಕಿದ್ದಾನೆ ಅಂತ ಯಾರೂ ಒಪ್ಪುವುದಿಲ್ಲ," ಎಂದರು ಅವರು.

ಕೊಡಗಿನಲ್ಲಿ ಕಾಗದದ ಕಷ್ಟಕ್ಕೆ ಇನ್ನೊಂದು ಮುಖವೂ ಉಂಟು. ಜಮ್ಮಾ ಜಮೀನು ಅಂದರೆ ಒಕ್ಕದ (ಒಂದೇ ವಂಶದ ಕುಟುಂಬದ) ಹಿರಿಯರ ಹೆಸರಿನಲ್ಲಿ ಇರುವ ಪಟ್ಟೆ. ಉಳುವವನು ಒಬ್ಬ, ದಾಖಲೆಯಲ್ಲಿ ಇರುವವರು ಯಾವಾಗಲೋ ತೀರಿಕೊಂಡ ಅಜ್ಜ ಮುತ್ತಜ್ಜಂದಿರು. ಪರಿಹಾರದ ಅರ್ಜಿ ಬರೆಯುವಾಗ ಈ ಗಂಟು ಬಿಡಿಸಲು ಎಷ್ಟೋ ಮನೆಗಳಲ್ಲಿ ಬೇರೆ ಬೇರೆ ಊರುಗಳಲ್ಲಿದ್ದ ದಾಯಾದಿಗಳನ್ನೆಲ್ಲ ಹುಡುಕಿ ಸಹಿ ತರಬೇಕಾಯಿತು. ಗೆಳತಿಯ ಅಣ್ಣ ಅದಕ್ಕಾಗಿ ತಿರುಗಿದ ದಾರಿಯನ್ನು ವಾಪಸು ಬರುತ್ತ ಊರೂರಾಗಿ ಹೇಳಿದರು. ಮಾತು ಬಿಟ್ಟಿದ್ದ ಚಿಕ್ಕಪ್ಪನ ಮಗನ ಮನೆ ಬಾಗಿಲಿಗೂ ಹೋಗಬೇಕಾಯಿತಂತೆ. ಹೋಗಿ ಊಟ ಮಾಡಿಕೊಂಡೇ ಬಂದರಂತೆ.

ಶನಿವಾರ

ಹುತ್ತರಿ, ಕೊಡಗಿನ ಸುಗ್ಗಿ ಹಬ್ಬದ ದಿನ. ಜಂಬೂರಿನಲ್ಲಿ ನಸುಕಿಗೇ ಗಲಗಲ. ಎಷ್ಟೋ ಮನೆಗಳಿಗೆ ಬೀಗ ಬೀಳುತ್ತಿತ್ತು, ಏಕೆಂದರೆ ಕದಿರು (ಭತ್ತದ ಹೊಸ ತೆನೆ) ತೆಗೆಯುವುದು ಬಡಾವಣೆಯಲ್ಲಿ ಆಗುವ ಕೆಲಸವಲ್ಲ. ಅದಕ್ಕೆ ಗದ್ದೆ ಬೇಕು, ಒಕ್ಕದ ಮೂಲಮನೆಯಾದ ಐನ್‌ಮನೆಯ ನೆಲ್ಲಕ್ಕಿ ನಡುಬಾಡೆಯ (ನಡುಕೋಣೆಯ) ದೀಪ ಬೇಕು. ಜೀಪು, ಆಟೊ, ಬೈಕು, ಎಲ್ಲ ಹಟ್ಟಿಹೊಳೆಯ ದಾರಿ ಹಿಡಿದವು.

ಮಾದಾಪುರದಿಂದ ಹಟ್ಟಿಹೊಳೆಯವರೆಗೆ ಹೊಳೆ ರಸ್ತೆಯ ಪಕ್ಕದಲ್ಲೇ ಬರುತ್ತದೆ. 2018ರಲ್ಲಿ ಇದರಲ್ಲಿ ಇಳಿದ ಮಣ್ಣು, ಮರದ ದಿಮ್ಮಿ ಹಾರಂಗಿ ಜಲಾಶಯದವರೆಗೆ ಹೋಯಿತು. ನೀರು ಈಗ ತಿಳಿ. ಎರಡೂ ದಡದಲ್ಲಿ ಮನೆಯಷ್ಟು ದೊಡ್ಡ ಬಂಡೆಗಳು ಬಂದು ನಿಂತ ಜಾಗದಲ್ಲೇ ನಿಂತಿವೆ, ಅವುಗಳ ಮೇಲೆ ಜರೀಗಿಡ. ಮುಕ್ಕೋಡ್ಲು ಕಡೆ ತಿರುಗಿದ ಮೇಲೆ ಎದುರಿನ ಬೆಟ್ಟದಲ್ಲಿ ಉದ್ದುದ್ದ ಗಾಯಗಳು ಕಂಡವು. ಕೆಲವು ಹಸಿರಾಗಿವೆ. ಆ ಹಸಿರು ಕಾಫಿಯದಲ್ಲ, ಹುಲ್ಲು ಮತ್ತು ಕಾಡುಗಿಡಗಳದು. ಮೇಲ್ಮಣ್ಣು ಹೋದ ಜಾಗದಲ್ಲಿ ಕಾಫಿ ಇಟ್ಟರೂ ಏಳುವುದಿಲ್ಲ. ಎದ್ದರೂ ಫಸಲಿಗೆ ಮೂರು ನಾಲ್ಕು ವರ್ಷ, ನೆರಳಿನ ಮರ ಬೆಳೆಯಲು ಒಂದು ತಲೆಮಾರು.

ಗದ್ದೆಯ ಕಥೆ ಬೇರೆ. ಕಣಿವೆಯ ತಳದ ಗದ್ದೆಗಳ ಮೇಲೆ ಎದೆಯುದ್ದ ಮರಳು, ಕಲ್ಲು ಕೂತಿತ್ತು. ಯಂತ್ರ ತಂದು ತೆಗೆಸಲು ಆಗುವ ಖರ್ಚು ಗದ್ದೆಯ ಬೆಲೆಗಿಂತ ಹೆಚ್ಚು. ಭತ್ತ ಹೇಗೂ ಲಾಭದ ಬೆಳೆಯಲ್ಲ, ಬಿಟ್ಟುಬಿಡಿ ಎಂದವರೇ ಬಹಳ. ಅಣ್ಣ ಮತ್ತು ಸುತ್ತಲಿನ ಐದಾರು ಮನೆಯವರು ಬಿಡಲಿಲ್ಲ. ಎಲ್ಲರ ಗದ್ದೆ ಆಗುವುದಿಲ್ಲ, ಐನ್‌ಮನೆಯ ಕೆಳಗಿನ ಎರಡು ಮಡಿಯನ್ನಾದರೂ ಬಿಡಿಸೋಣ ಎಂದು ಮಾತಾಡಿಕೊಂಡರು. ಮಡಿಯ ಒಡೆತನ ಒಂದು ಒಕ್ಕದ್ದು, ಮರಳು ಹೊತ್ತ ಕೈಗಳು ಎಲ್ಲರವು. ಭಾನುವಾರ ಭಾನುವಾರ ಸೇರಿ, ಹಾರೆ ಬುಟ್ಟಿ ಹಿಡಿದು, ಕೊನೆಗೆ ಒಬ್ಬರು ಟ್ರ್ಯಾಕ್ಟರ್ ಕೊಟ್ಟು. ಮಳೆ ಹಿಡಿದರೆ ನಿಲ್ಲಿಸುವುದು, ಬಿಟ್ಟರೆ ಮುಂದುವರಿಸುವುದು. ಒಂದು ಬೇಸಗೆಗೆ ಮುಗಿಯದೆ ಎರಡನೆಯದಕ್ಕೆ ಹೋಯಿತು. ಹೊಳೆಯಿಂದ ನೀರು ತರುವ ಹಳೆಯ ತೋಡೇ ಇಲ್ಲವಾಗಿತ್ತು. ಅಡಿಕೆ ದಬ್ಬೆ ಇಟ್ಟು, ಆಮೇಲೆ ಪೈಪು ಹಾಕಿ ನೀರು ತಂದರು. ಮೊದಲ ವರ್ಷದ ಪೈರು ಮಂಡಿಗಿಂತ ಮೇಲೆ ಬರಲಿಲ್ಲ. ಆ ಪೈರಿನಿಂದಲೇ ಹುತ್ತರಿ ಕದಿರು ತೆಗೆದರು.

ಅಲ್ಲಿಯವರೆಗೆ ಏನು ಮಾಡಿದಿರಿ ಎಂದು ಕೇಳಿದೆ. 2018ರ ಹುತ್ತರಿಗೆ ಹೆಚ್ಚಿನವರು ಇನ್ನೂ ಬಾಡಿಗೆ ಮನೆಗಳಲ್ಲಿದ್ದರು. ಆ ಸಲ ಮಡಿಕೇರಿ ದಸರೆಯೂ ಸರಳವಾಗಿ ಕಳೆದಿತ್ತು. ಬೇರೆ ಊರಿನ ನೆಂಟರು ತಮ್ಮ ಗದ್ದೆಯಿಂದ ಒಂದು ಹಿಡಿ ಕದಿರು ತಂದುಕೊಟ್ಟರು. "ಸಾಲ ತಂದ ಕದಿರು," ಎಂದರು ಅಮ್ಮ. ಅದನ್ನು ಹೇಳುವಾಗ ಅವರ ಧ್ವನಿ ತಗ್ಗಿತು. ಮನೆ ಹೋದದ್ದನ್ನು ಹೇಳುವಾಗ ತಗ್ಗದ ಧ್ವನಿ.

ಐನ್‌ಮನೆ ಉಳಿದದ್ದು ಅದು ನಿಂತ ಜಾಗದಿಂದ. ಹಿರಿಯರು ಬೆಟ್ಟದ ಏಣಿನ ಮೇಲೆ, ಎರಡೂ ಬದಿಗೆ ನೀರು ಹರಿದುಹೋಗುವ ಕಡೆ ಕಟ್ಟಿದ್ದರು. ಹಿಂದೆ ಬರೆ ಕಡಿದಿಲ್ಲ. ತೊರೆ ದೂರ. ಆಮೇಲೆ ಪಾಲಾಗಿ ಬೇರೆ ಹೋದವರು ರಸ್ತೆಗೆ ಹತ್ತಿರ, ನೀರಿಗೆ ಹತ್ತಿರ ಎಂದು ಇಳಿಜಾರಿನಲ್ಲಿ ಕಟ್ಟಿಕೊಂಡರು. ಜಾರಿದ್ದು ಆ ಮನೆಗಳು. ಈಗ ಅಣ್ಣ ಉಳಿದ ತೋಟದ ಕಡಿದಾದ ಭಾಗದಲ್ಲಿ ಕಾಫಿ ಸಾಲಿನ ತೊಟ್ಟಿಲು ಗುಂಡಿ ತೆಗೆಯುವುದನ್ನೂ ಬಿಟ್ಟಿದ್ದಾರೆ. ನೀರು ನಿಲ್ಲಿಸಿ ಇಂಗಿಸುವುದು ಒಳ್ಳೆಯದೇ, ಆದರೆ ಎಲ್ಲ ಕಡೆ ಅಲ್ಲ ಎಂಬುದು ಅವರ ಲೆಕ್ಕ. ಬೆಳಗ್ಗೆ ಜಂಬೂರಿನಿಂದ ಬಂದು ತೋಟ ನೋಡಿ, ಕತ್ತಲಾಗುವ ಮೊದಲು ವಾಪಸು. ಜೂನಿನಿಂದ ಸೆಪ್ಟೆಂಬರ್ ತನಕ ಇಲ್ಲಿ ರಾತ್ರಿ ಉಳಿಯುವುದಿಲ್ಲ ಎಂದು ಮನೆಯವರೆಲ್ಲ ಸೇರಿ ತೀರ್ಮಾನ ಮಾಡಿದ್ದಾರೆ.

ಸಂಜೆಗೆ ಐನ್‌ಮನೆ ತುಂಬಿತು. ಬೆಂಗಳೂರಿನಿಂದ, ಮೈಸೂರಿನಿಂದ ಬಂದವರು, ಕೊಡವರ ಉದ್ದನೆಯ ನಿಲುವಂಗಿ ಕುಪ್ಯ ತೊಟ್ಟ ಗಂಡಸರು, ಹಿಂದೆ ನೆರಿಗೆ ಬಿಟ್ಟು ಸೀರೆ ಉಟ್ಟ ಹೆಂಗಸರು. ಪಾಡಿ ಇಗ್ಗುತಪ್ಪನ ಸನ್ನಿಧಿಯಲ್ಲಿ ಗೊತ್ತುಮಾಡಿದ ಮುಹೂರ್ತ ಎಲ್ಲರ ಫೋನಿನಲ್ಲೂ ಇತ್ತು. ದೀಪದ ಮುಂದೆ ಎಲೆಗಳನ್ನು ಸೇರಿಸಿ ನೆರೆ ಎಂಬ ಕಟ್ಟು ಕಟ್ಟಿದರು. ಆಮೇಲೆ ತಳಿಯತಕ್ಕಿ ಬೊಳಕ್ (ಅಕ್ಕಿ ತುಂಬಿದ ತಟ್ಟೆಯ ಮೇಲಿನ ದೀಪ) ಹಿಡಿದ ಹೆಂಗಸು ಮುಂದೆ, ಕುಡುಗೋಲು ಹಿಡಿದ ಹಿರಿಯರು, ಕೋವಿ ಹಿಡಿದವರು, ಹಿಂದೆ ಉಳಿದವರೆಲ್ಲ. ಗದ್ದೆಗೆ ಇಳಿಯುವ ದಾರಿಯ ಉದ್ದಕ್ಕೂ ಟಾರ್ಚಿನ ಬೆಳಕು. ಮೊದಲು ಕೂಲಿಗೆ ಬಂದು ಈಗ ಜಂಬೂರಿನಲ್ಲೇ ನೆಲೆಸಿದ ಇಬ್ಬರು ಮರಳು ಹೊತ್ತ ದಿನಗಳನ್ನು ನೆನೆಯುತ್ತ ನನ್ನ ಪಕ್ಕದಲ್ಲಿ ನಡೆದರು. ಅವರು ಕೊಡವರಲ್ಲ. ಆದರೆ ಈ ಎರಡು ಮಡಿಯ ಒಂದೊಂದು ಬದುವನ್ನೂ ಕಟ್ಟಿದವರು.

ಪೈರಿನ ಬುಡಕ್ಕೆ ಹಾಲು ಜೇನು ಎರೆದರು. ಕೋವಿಯ ಸದ್ದು ಎದುರಿನ ಬೆಟ್ಟಕ್ಕೆ ಬಡಿದು ತಿರುಗಿ ಬಂತು. ಸ್ವಲ್ಪ ಹೊತ್ತಿಗೆ ಕಣಿವೆಯ ಮೇಲ್ಭಾಗದಿಂದ ಇನ್ನೊಂದು, ಕಾಲೂರಿನ ದಿಕ್ಕಿನಿಂದ ಮತ್ತೊಂದು. ಯಾರ್ಯಾರು ಬಂದಿದ್ದಾರೆ ಎಂದು ಜನ ಸದ್ದಿನಲ್ಲೇ ಎಣಿಸಿದರು. "ಮೇಲಿನ ಮನೆಯವರೂ ಬಂದರು ಈ ಸಲ," ಎಂದು ಒಬ್ಬರು ಖುಷಿಯಿಂದ ಕೂಗಿದರು. ಕದಿರು ಕುಯ್ದಾಗ ಎಲ್ಲರ ಗಂಟಲಿನಿಂದ "ಪೊಲಿ ಪೊಲಿ ದೇವಾ" (ಹೆಚ್ಚಲಿ, ಹೆಚ್ಚಲಿ ದೇವರೇ) ಎಂದು ಎದ್ದಿತು. ಅಮ್ಮ ಎಲ್ಲರಿಗಿಂತ ಗಟ್ಟಿಯಾಗಿ ಕೂಗಿದರು. ಹೊಸ ಭತ್ತದ ಕಾಳು ಹಾಕಿದ ಪಾಯಸ, ಬಾಳೆಹಣ್ಣಿನ ತಂಬಿಟ್ಟು, ಜೇನಿನ ಜೊತೆ ನೇರಳೆ ಬಣ್ಣದ ಹುತ್ತರಿ ಗೆಣಸು. ಊಟ ಮುಗಿಯುವಾಗ ಬಹಳ ಹೊತ್ತಾಗಿತ್ತು.

ಜಂಬೂರಿಗೆಂದು ಬೇರೆಯಾಗಿ ಕದಿರಿನ ಸಣ್ಣ ಸಣ್ಣ ಕಟ್ಟು ಮಾಡಿಟ್ಟಿದ್ದರು. ಬರಲಾಗದ ಮುದುಕರ ಮನೆಗಳಿಗೆ, ಗದ್ದೆ ಪೂರ್ತಿ ಹೋಗಿ ಮತ್ತೆ ಎಬ್ಬಿಸಲಾಗದವರ ಮನೆಗಳಿಗೆ. ಇವುಗಳಿಗೆ ಸಾಲದ ಕದಿರು ಎಂಬ ಮಾತು ಬಾರದಿರಲೆಂದೋ ಏನೋ, ಅಮ್ಮ ಪ್ರತಿಯೊಂದನ್ನು ಕಟ್ಟುವಾಗಲೂ ಆ ಮನೆಯವರು ಯಾವ ಭಾನುವಾರ ಬಂದು ಮರಳು ಹೊತ್ತಿದ್ದರು ಎಂದು ನೆನಪಿಸಿಕೊಂಡು ಹೇಳುತ್ತಿದ್ದರು.

ಭಾನುವಾರ

ಬೆಳಗ್ಗೆ ಅಕ್ಕಿರೊಟ್ಟಿ, ಕುಂಬಳಕಾಯಿ ಸಾರು ತಿಂದು ಹೊರಡುವ ಅವಸರದಲ್ಲಿದ್ದೆ. ಅಂಗಳದಲ್ಲಿ ಆಗಲೇ ಹತ್ತು ಹದಿನೈದು ಜನ ಸೇರಿ ಜೋರು ಮಾತು ನಡೆಸಿದ್ದರು. ಹಳ್ಳ ದಾಟುವ ಕಾಲುಸಂಕದ ಹಲಗೆಗಳು ಕೊಳೆತಿವೆ, ಮುಂದಿನ ಮಳೆಗಾಲಕ್ಕೆ ಮುಂಚೆ ಬದಲಿಸಲೇಬೇಕು. ಕಬ್ಬಿಣದ್ದೇ ಆಗಲಿ ಎಂದು ಹುಡುಗರು. ಈಗಿನ ಜಾಗದಲ್ಲಿ ಬೇಡ, ನೀರು ಬಂದರೆ ಮೊದಲು ಹೋಗುವುದು ಅದೇ, ಮೇಲಿನ ಬಂಡೆಗೆ ಕಟ್ಟಿ ಎಂದು ಹಿರಿಯರೊಬ್ಬರು. ಮೇಲೆ ಕಟ್ಟಿದರೆ ಅಜ್ಜಿಯರು ಹತ್ತುವುದು ಹೇಗೆ ಎಂದು ಅತ್ತಿಗೆ. ಪಂಚಾಯಿತಿಗೆ ಬರೆದು ಕಾಯುವುದೋ, ನಾವೇ ಹಾಕುವುದೋ ಎಂಬ ಪ್ರಶ್ನೆಗೆ ಎರಡೂ ಎಂದು ತೀರ್ಮಾನವಾಯಿತು: ಅರ್ಜಿ ಹೋಗಲಿ, ಅಷ್ಟರಲ್ಲಿ ಅಡಿಕೆ ಮರ ಉರುಳಿಸಿ ತಾತ್ಕಾಲಿಕ ಸಂಕ. ಜನವರಿಯಲ್ಲಿ ರೋಬಸ್ಟಾ ಕೊಯ್ಲು ಹಿಡಿದರೆ ಯಾರಿಗೂ ಪುರಸೊತ್ತಿಲ್ಲ, ಹಾಗಾಗಿ ಬರುವ ಭಾನುವಾರವೇ ಆಗಬೇಕು. ಬೆಂಗಳೂರಿನಿಂದ ಬಂದಿದ್ದ ಇಬ್ಬರು ತಾವೂ ಉಳಿಯುತ್ತೇವೆಂದು ಒಪ್ಪಿದರು.

ಗೆಳತಿಯ ಅಣ್ಣ ನನ್ನನ್ನು ಬಸ್ಸಿಗೆ ಬಿಡಲು ಜೀಪು ತೆಗೆಯುವಾಗಲೂ ವಾದ ಮುಗಿದಿರಲಿಲ್ಲ. ಸಂಕ ಮೇಲೋ ಕೆಳಗೋ ಎಂಬುದು ಬಿಟ್ಟು ಅದು ಈಗ ಹದಿನೈದು ಜನಕ್ಕೆ ಮಧ್ಯಾಹ್ನದ ಊಟ ಯಾರ ಮನೆಯದು ಎಂಬುದಕ್ಕೆ ಬಂದಿತ್ತು. ಅಮ್ಮ ಕೈ ಎತ್ತಿ, ಜಂಬೂರಿನಿಂದ ತಾವೇ ತರುವುದಾಗಿ ಹೇಳಿ, ಅಕ್ಕಿ ಎಷ್ಟು ಬೇಕೆಂದು ಲೆಕ್ಕ ಹಾಕತೊಡಗಿದರು.